ಹಾಯಿದೋಣಿಯಲ್ಲಿ ತವರಿಗೆ

ಹೋದ ವಾರ ನೀವೆಲ್ಲ ಫೋನಿನಲ್ಲಿ ಸಮುದ್ರ ನೋಡುತ್ತ ಕುಳಿತಿದ್ದಿರಿ. ಯಾರೋ ಹುಡುಗಿಯರು ಹಾಯಿ ಕಟ್ಟಿದ ದೋಣಿಯಲ್ಲಿ ನಗುತ್ತ ಹೋಗುತ್ತಿದ್ದರು. ನಿಮ್ಮ ಅವ್ವ ಅಡಿಗೆಮನೆಯಿಂದಲೇ, "ನಿಮ್ಮ ಅಜ್ಜೀನೂ ಅಂಥಾದ್ರಾಗ ಹೋಗ್ಯಾಳ, ಕೇಳ್ರಿ ಬೇಕಾದ್ರ. ನಾನೂ ಇದ್ದೆ, ಹೊಟ್ಟ್ಯಾಗ," ಅಂದಳು. ನೀವೆಲ್ಲ ನನ್ನ ಕಡೆ ತಿರುಗಿದಿರಿ. ಅಷ್ಟು ಕಣ್ಣುಗಳು ಒಟ್ಟಿಗೆ ನನ್ನ ಮೇಲೆ ಬಿದ್ದರೆ ನನಗೆ ಬಾಯಿ ಬರುವುದಿಲ್ಲ. "ಅದೆಲ್ಲ ಹಳೇದು, ಬಿಡ್ರಿ," ಎಂದು ಎದ್ದು ಹೋದೆ.

ಹೇಳಲು ಆಗದಿದ್ದರೆ ಬರೆದಿಡಬಹುದಲ್ಲ ಎಂದು ಆಮೇಲೆ ಅನಿಸಿತು. ನಮ್ಮೂರಿನ ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದವಳು ನಾನು. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು, ಅಷ್ಟೇ ಧೈರ್ಯ. ನಿಮ್ಮಲ್ಲಿ ಚಿಕ್ಕವರಿಗೆ ಕನ್ನಡ ಓದಲು ಬರುವುದಿಲ್ಲ. ದೊಡ್ಡವಳು ಓದಿ ತೆಲುಗಿನಲ್ಲಿ ಹೇಳಲಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೋನಿನ ಆ ಹುಡುಗಿಯರ ಹಾಗೆ ನಾನು ನಗುತ್ತಿರಲಿಲ್ಲ. ಆ ಪ್ರಯಾಣವನ್ನು ನೆನೆದರೆ ನನಗೆ ಈಗಲೂ ಮೊದಲು ನೆನಪಾಗುವುದು ದಣಿವು.

ನನ್ನ ತವರು ಆಂಧ್ರದ ಗಡಿಯೊಳಗೆ, ಕೌತಾಳಂ ಕಡೆಯ ಕನ್ನಡ ಹಳ್ಳಿ. ಅಪ್ಪನಿಗೆ ಕುರಿಗಳಿದ್ದವು, ಸ್ವಲ್ಪ ಎರೆಹೊಲವೂ ಇತ್ತು. ನಾನು ಕಂಡ ದೊಡ್ಡ ನೀರೆಂದರೆ ಕಾಲುವೆಯ ನೀರು. ಅದೂ ಬಿಟ್ಟಾಗ ಮಾತ್ರ. ನನ್ನನ್ನು ಆದೋನಿಯಲ್ಲಿದ್ದ ಸೋದರತ್ತೆಯ ಮಗನಿಗೆ ಕೊಟ್ಟರು. ಅವರೇ ನಿಮ್ಮ ತಾತ. ಅವರು ತಂತಿ ಕಳಿಸುವ ಕೆಲಸ ಕಲಿತು ಸರ್ಕಾರದ ವೈರ್‌ಲೆಸ್ ಕಚೇರಿ ಸೇರಿದ್ದರು. ಮದುವೆಯಾದ ಮರುವರ್ಷವೇ ಲಕ್ಷದ್ವೀಪದ ಒಂದು ಸಣ್ಣ ದ್ವೀಪಕ್ಕೆ ವರ್ಗವಾಯಿತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಬಳ್ಳಾರಿ ದಾಟಿ, ಹುಬ್ಬಳ್ಳಿಯಲ್ಲಿ ಇಳಿದು, ಬಸ್ಸಿನಲ್ಲಿ ಘಟ್ಟ ಇಳಿದು ಮಂಗಳೂರು, ಅಲ್ಲಿಂದ ಹಡಗು. ಹೋಗುವಾಗ ನಾನು ಹಡಗಿನ ಕೋಣೆಯಿಂದ ಹೊರಗೇ ಬರಲಿಲ್ಲ. ಸಮುದ್ರ ಹೇಗಿದೆ ಎಂದು ಆಗ ಯಾರಾದರೂ ಕೇಳಿದ್ದರೆ, ಸೀಮೆಎಣ್ಣೆಯ ವಾಸನೆ ಇದೆ ಎನ್ನುತ್ತಿದ್ದೆ.

ಆ ದ್ವೀಪದಲ್ಲಿ ಎಲ್ಲರೂ ಮುಸಲ್ಮಾನರು. ಆದೋನಿಯಲ್ಲಿ ನಮ್ಮ ಮನೆಯ ಎದುರೇ ಅವರ ಓಣಿ. ಅವರ ಮಾತು ನನಗೆ ಅರ್ಧಂಬರ್ಧ ಬರುತ್ತಿತ್ತು. ಹಾಗಾಗಿ ಮೊದಲ ದಿನ ಪಕ್ಕದ ಮನೆಯ ಹೆಂಗಸು ಬಂದಾಗ ನಾನು ಬಹಳ ಜಾಣತನದಿಂದ, "ಆವೋ ಬೀ, ಬೈಠೋ," ಅಂದೆ. ಆಕೆ ನನ್ನ ಮುಖ ನೋಡಿದಳು, ಹಿಂದೆ ಬಂದಿದ್ದವಳ ಮುಖ ನೋಡಿದಳು, ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ದ್ವೀಪದವರ ಮಾತು ಉರ್ದು ಅಲ್ಲ, ಮಲಯಾಳದ ಹಾಗಿನದು. ನಿಮ್ಮ ತಾತ ಸಂಜೆ ಇದನ್ನು ಕೇಳಿ, "ಸಾಬ್ರಂದ್ರ ಎಲ್ಲ ಆದೋನಿಯವ್ರೇ ಅನ್ಕೊಂಡೀಯೇನು?" ಎಂದು ನಕ್ಕರು. ಆಮೇಲೆ ಬಹಳ ದಿನ ನಾನು ಮಾತನ್ನೇ ಆಡಲಿಲ್ಲ, ಕೈಸನ್ನೆಯಲ್ಲೇ ಕಳೆದೆ. ನನಗೇನೂ ಅದು ಕಷ್ಟವಾಗಲಿಲ್ಲ. ಊರಿನಲ್ಲಿದ್ದಾಗಲೂ ನಾನು ಆಡುತ್ತಿದ್ದದ್ದು ಅಷ್ಟೇ.

ಅಲ್ಲಿ ಮನೆ ಹೆಂಗಸರದು. ಗಂಡ ಎಂಬುವನು ಸಂಜೆ ಹೆಂಡತಿಯ ಮನೆಗೆ ಬಂದು ಬೆಳಿಗ್ಗೆ ತನ್ನ ತಾಯಿಯ ಮನೆಗೆ ಹೋಗುತ್ತಾನೆ. ಹೆಣ್ಣು ಹುಟ್ಟಿದ ಮನೆಯಲ್ಲೇ ಇರುತ್ತಾಳೆ, ಅಲ್ಲೇ ಹೆರುತ್ತಾಳೆ, ಅಲ್ಲೇ ಮುದುಕಿಯಾಗುತ್ತಾಳೆ. ನಾನು ಬಸುರಿಯಾದಾಗ, ಹೆರಿಗೆಗೆ ತವರಿಗೆ ಹೋಗಬೇಕು ಎಂದು ಪಕ್ಕದ ಮನೆಯವಳಿಗೆ ತಿಳಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಆಕೆಗೆ ಮಾತು ಅರ್ಥವಾಯಿತು, ವಿಷಯ ಅರ್ಥವಾಗಲಿಲ್ಲ. ತಾಯಿಯ ಮನೆ ಬಿಟ್ಟು ಯಾಕೆ ಬಂದೆ, ಬಂದ ಮೇಲೆ ಯಾಕೆ ಹೋಗುತ್ತೀ ಎಂದು ಕೇಳಿದಳು.

ನಮ್ಮಲ್ಲಿ ಹೇಗೆಂದು ನಿಮಗೆ ಗೊತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೆಯ ತಿಂಗಳಲ್ಲಿ ತವರಿನವರು ಬಂದು, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಕುಬಸ ಮಾಡಿ ಕರೆದುಕೊಂಡು ಹೋಗಬೇಕು. ಕರೆಯಲು ಯಾರೂ ಬಾರದೆ ಮಗಳು ತಾನಾಗಿ ಹೋಗಿ ಬಾಗಿಲಲ್ಲಿ ನಿಂತರೆ ಎರಡೂ ಮನೆಗೆ ಅವಮಾನ. ಫಾಲ್ಗುಣದಲ್ಲೇ ಕಚೇರಿಯವರೊಬ್ಬರ ಹೆಂಡತಿ ಮಂಗಳೂರಿಗೆ ಹೊರಟಿದ್ದಳು, ನಾನೂ ಅವಳ ಜೊತೆ ಹೋಗಿಬಿಡಬಹುದಿತ್ತು. ನಿಮ್ಮ ತಾತ ಕೇಳಿದರು ಕೂಡ. "ಕರಿಯಾಕ ಬರ್ಲಾರದ ಹೆಂಗ ಹೋಗ್ಲಿ?" ಅಂದೆ. ಅವರೂ ಒತ್ತಾಯ ಮಾಡಲಿಲ್ಲ. ಆದೋನಿಯಿಂದ ಅವರ ಅವ್ವ ಬರೆಸಿದ ಕಾಗದದಲ್ಲೂ ಅದೇ ಮಾತಿತ್ತು. ಹೀಗೆ ಕಾಯುತ್ತ ಕುಳಿತೆವು. ಮಳೆಗಾಲ ಹತ್ತಿರ ಬಂತು. ಮಳೆಗಾಲದಲ್ಲಿ ಆ ದ್ವೀಪಕ್ಕೆ ಹಡಗೂ ಇಲ್ಲ, ದೋಣಿಯೂ ಇಲ್ಲ. ಕದ ಹಾಕಿದ ಹಾಗೆ.

ಕಡೆಯ ಹಡಗಿನಲ್ಲಿ ನನ್ನ ಅಣ್ಣ ಬಂದ. ದ್ವೀಪಕ್ಕೆ ಬರಲು ಸರ್ಕಾರದ ಪರವಾನಗಿ ಬೇಕು, ಅದು ಸಿಗುವಷ್ಟರಲ್ಲಿ ಇಷ್ಟು ತಡವಾಗಿತ್ತು. ಹಡಗು ದೂರದಲ್ಲಿ ನಿಲ್ಲುತ್ತದೆ, ಸಣ್ಣ ದೋಣಿಗಳು ಹೋಗಿ ಜನರನ್ನು ಇಳಿಸಿಕೊಂಡು ಬರಬೇಕು. ಅಣ್ಣ ದೋಣಿಯ ತಳದಲ್ಲಿ ಬೋರಲು ಮಲಗಿಯೇ ದಡಕ್ಕೆ ಬಂದ. ಅಂಥ ಬಿಸಿಲಿನಲ್ಲೂ ಮೈಮೇಲೆ ಕಂಬಳಿ. ದಿನವಿಡೀ ಕುರಿಗಳ ಹಿಂದೆ ನಡೆದರೂ ದಣಿಯದವನು, ಮರಳಿನ ಮೇಲೆ ಕುಳಿತು ನೆಲವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಅವ್ವ ಕಟ್ಟಿಕೊಟ್ಟ ಗಂಟನ್ನು ಮಾತ್ರ ಬಿಟ್ಟಿರಲಿಲ್ಲ. ಬಿಚ್ಚಿದರೆ ಹಸಿರು ಸೀರೆ, ಕುಬಸದ ಖಣ, ಬಳೆ, ಅಕ್ಕಿ, ಅಡಿಕೆ, ಉಡಿ ತುಂಬಲು ತೆಂಗಿನಕಾಯಿ, ಒಣಕೊಬ್ಬರಿ ಗಿಟುಕು.

ನಿಮ್ಮ ತಾತ ಅದನ್ನು ಕೈಯಲ್ಲಿ ಹಿಡಿದು ಸುತ್ತಲಿನ ತೆಂಗಿನ ಮರಗಳನ್ನೊಮ್ಮೆ ನೋಡಿದರು. "ಬಾವ, ಮಂಗಳೂರಿಗೆ ಕೊಬ್ಬರಿ ಹೋಗೋದೇ ಇಲ್ಲಿಂದ. ನೀ ಆದೋನಿ ಸಂತ್ಯಾಗ ತಗೊಂಡು ಇಲ್ಲಿಗೆ ತಂದೀಯಲ್ಲೋ."

"ಉಡಿಗೆ ತವರಿನ ಕಾಯೇ ಬೇಕಂತ ಅವ್ವ ಅಂದ್ಲು," ಎಂದ ಅಣ್ಣ, ತಲೆ ಎತ್ತದೆ.

ಹಡಗು ಸಂಜೆಗೆ ಹೊರಡುವುದಿತ್ತು. ಕುಬಸ ಮಾಡದೆ ನಾನು ಹೊಸಿಲು ದಾಟುವ ಹಾಗಿರಲಿಲ್ಲ. ಮಾಡಬೇಕಾದವನಿಗೆ ಎದ್ದು ಕೂರಲು ಆಗುತ್ತಿರಲಿಲ್ಲ.

"ಬಾವ, ಇದು ಕಡೀ ಹಡಗು. ಇದು ಹೋದ್ರ ಮಳಿಗಾಲ ಮುಗಿಯೋತನ ಮತ್ತ ಬರಂಗಿಲ್ಲ."

"ಹೋಗ್ಲಿ. ನಾ ಇವತ್ತು ಅದನ್ನ ಹತ್ತಂಗಿಲ್ಲ. ಬ್ಯಾರೆ ದಾರಿ ಇಲ್ಲೇನು?"

"ಸುತ್ತ ನೀರೈತಿ. ನಿನ್ನ ಸಲುವಾಗಿ ಕೌತಾಳಂ ಬಸ್ಸು ಬಿಡಂತ ಹೇಳ್ಲೇನು?"

ಹಡಗು ಹೋಯಿತು. ಮರುದಿನ ಕುಬಸವಾಯಿತು. ದ್ವೀಪದ ಹೆಂಗಸರು ಬಂದು, ಅಣ್ಣ ಹೇಳಿದ ಹಾಗೆಲ್ಲ ನನ್ನ ಮಡಿಲಿಗೆ ಅಕ್ಕಿ ಹಾಕಿ, ತಮ್ಮ ಹಾಡು ಹಾಡಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಕುಬಸವಾಯಿತು, ಇನ್ನು ಹೋಗುವುದು ಯಾವುದರಲ್ಲಿ?

ಕೊಬ್ಬರಿ, ತೆಂಗಿನ ನಾರು ತುಂಬಿಕೊಂಡು ಮಂಗಳೂರಿಗೆ ಹೋಗುವ ಹಾಯಿದೋಣಿಗಳು ಆ ಊರಿನವರಿಗೇ ಇದ್ದವು. ಮಳೆಗಾಲಕ್ಕೆ ಮುಂಚಿನ ಕೊನೆಯ ದೋಣಿ ಹೊರಡುವುದರಲ್ಲಿತ್ತು. ಅದರ ಯಜಮಾನ ವಯಸ್ಸಾದವನು, ಮಂಗಳೂರಿನ ಬಂದರಿನಲ್ಲಿ ವ್ಯಾಪಾರ ಮಾಡಿ ಅಲ್ಲಿಯ ಕನ್ನಡ ಕಲಿತವನು. ಗಾಳಿ ಸರಿಯಿದ್ದರೆ ಮೂರು ನಾಲ್ಕು ದಿನದಲ್ಲಿ ಮುಟ್ಟಿಸುತ್ತೇನೆ ಎಂದ. ನಿಮ್ಮ ತಾತನಿಗೆ ರಜೆ ಇರಲಿಲ್ಲ. ವೈರ್‌ಲೆಸ್ ಬಿಟ್ಟು ಹೋದರೆ ದ್ವೀಪಕ್ಕೆ ಕಿವಿಯೇ ಇಲ್ಲದ ಹಾಗೆ. ಅವರು ನಮ್ಮ ಊರಿಗೆ ತಂತಿ ಕಳಿಸಿದರು: ಹೊರಟಿದ್ದಾರೆ.

ಅಣ್ಣ ಆ ದೋಣಿಯನ್ನು ಹತ್ತಿರದಿಂದ ನೋಡಿದ. ಹಲಗೆಗಳಿಗೆ ಮೊಳೆ ಇರಲಿಲ್ಲ. ತೆಂಗಿನ ನಾರಿನ ಹುರಿಯಿಂದ ಒಂದಕ್ಕೊಂದು ಹೊಲಿದಿದ್ದರು.

"ತಂಗೆವ್ವ, ಇದನ್ನ ಹೊಲಿದಾರ. ಕೌದಿ ಹೊಲಿದಂಗ ಹೊಲಿದಾರ. ಕೌದಿ ಮ್ಯಾಲೆ ಕುಂದ್ರಿಸಿ ನೀರಾಗ ಬಿಡ್ತಾರಂತ."

"ನೀನಽ ಅಲ್ಲೇನು ಹಡಗು ಬ್ಯಾಡಂದವ?" ಅಂದೆ. ಅವ್ವ ಕೋಣೆ ಸಾರಿಸಿ, ಬಾಣಂತಿಯ ಕಾವಿಗೆ ಸಗಣಿ ಕುಳ್ಳು ಕೂಡಿಟ್ಟು ಕಾಯುತ್ತಿದ್ದಾಳೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಹೊರಟ ದಿನ ಗಾಳಿ ಚೆನ್ನಾಗಿತ್ತು. ನನಗೆ ಹಿಂಬದಿಯಲ್ಲಿ ನಾರಿನ ಮೂಟೆಗಳ ನಡುವೆ ಜಾಗ ಮಾಡಿ, ಮೇಲೆ ಗರಿಗಳ ಚಪ್ಪರ ಕಟ್ಟಿದ್ದರು. ಹೆಂಗಸಿನ ಮರೆಗೆಂದು ಹಳೆಯ ಹಾಯಿಯ ತುಂಡೊಂದನ್ನು ತೂಗುಬಿಟ್ಟಿದ್ದರು. ಆ ದೋಣಿಯಲ್ಲಿ ಹೆಣ್ಣೆಂದರೆ ನಾನೊಬ್ಬಳೇ. ದೋಣಿಯವರು ನನ್ನ ಕಡೆ ಮುಖ ಮಾಡಿಯೂ ಕೂರುತ್ತಿರಲಿಲ್ಲ. ಹಾಯಿ ತುಂಬಿದಾಗ ದೋಣಿ ಒಂದು ಮಗ್ಗುಲಿಗೆ ಒರಗಿ ಓಡುತ್ತಿತ್ತು. ನನಗೆ ವಾಂತಿಯಾಗಲಿಲ್ಲ, ತಲೆ ಸುತ್ತಲಿಲ್ಲ. ಎಲ್ಲರಿಗೂ ಅದೇ ಆಶ್ಚರ್ಯ. ಬಹುಶಃ ವಾಂತಿಯೆಲ್ಲ ಮೊದಲ ತಿಂಗಳುಗಳಲ್ಲೇ ಮುಗಿದಿತ್ತೇನೋ. ಅಣ್ಣ ಮಾತ್ರ ಕಂಬಳಿ ಹೊದ್ದು ಬಿದ್ದುಕೊಂಡವನು ಬಿದ್ದುಕೊಂಡೇ ಇದ್ದ. ನಡುನಡುವೆ ಉರುಕುಂದದ ಈರಣ್ಣಸ್ವಾಮಿಗೆ ಹರಕೆ ಹೊರುತ್ತಿದ್ದ. ಬೆಳಿಗ್ಗೆ ಒಂದು ಕಾಯಿ ಎಂದಿದ್ದವನು ಮಧ್ಯಾಹ್ನಕ್ಕೆ ತಲೆಗೂದಲು ಕೊಡುವ ಮಾತಿಗೆ ಬಂದ, ಸಂಜೆಗೆ ಉರುಳುಸೇವೆ ಮಾಡುವುದಾಗಿ ಹೇಳಿದ.

"ಉಳುದದ್ದು ನಾಳಿಗಿಟ್ಕೋ, ಅಣ್ಣ. ಇನ್ನೂ ದೂರ ಐತಿ," ಅಂದೆ.

"ನಗ್ತೀಯೇನು? ಕರಿಯಾಕ ಬಂದವ ನಾನು. ನಿನ್ನ ಕೈಲೆ ನೀರು ಕುಡಿಸಿಕೊಳ್ಳಾಕತ್ತೀನಿ. ಊರಾಗ ಹೇಳಬ್ಯಾಡ."

ಎರಡನೆಯ ದಿನ ಗಾಳಿ ನಿಂತುಹೋಯಿತು. ನಿಂತದ್ದು ನಿಂತೇ ಹೋಯಿತು. ಇದನ್ನು ನಿಮಗೆ ಹೇಗೆ ಹೇಳಲಿ ಎಂದು ತಿಳಿಯುವುದಿಲ್ಲ. ಚೈತ್ರ ವೈಶಾಖದಲ್ಲಿ ನಮ್ಮ ಎರೆಹೊಲದ ನಡುವೆ, ಒಂದು ಬೇವಿನ ಮರವೂ ಇಲ್ಲದ ಕಡೆ ಗಾಡಿಯ ಅಚ್ಚು ಮುರಿದರೆ ಹೇಗೆ? ಹಾಗೆ. ಸುತ್ತ ನೀರು ಎಣ್ಣೆಯ ಹಾಗೆ ಮಲಗಿತ್ತು. ಹಾಯಿ ತೊಳೆದು ಒಣಹಾಕಿದ ಬಟ್ಟೆಯ ಹಾಗೆ ಜೋಲುಬಿದ್ದಿತ್ತು. ಕುಡಿಯುವ ನೀರನ್ನು ಚಿಪ್ಪಿನಲ್ಲಿ ಅಳೆದು ಕೊಡುತ್ತಿದ್ದರು. ನನಗೆ ಮಾತ್ರ ಎರಡು ಚಿಪ್ಪು. ಒಂದನ್ನು ಅಣ್ಣನ ಬಾಯಿಗೆ ಬಿಡುತ್ತಿದ್ದೆ. ಬೆನ್ನು ಸೆಳೆಯುತ್ತಿತ್ತು, ಕಾಲು ಬಾತುಕೊಂಡವು. ಯಾವ ಮಗ್ಗುಲಿಗೆ ಮಲಗಿದರೂ ಕೆಳಗಿನ ಮೂಟೆ ಚುಚ್ಚುತ್ತಿತ್ತು. ಹೊಲಿಗೆಯ ಸಂದಿಯಿಂದ ನೀರು ಜಿನುಗುತ್ತಲೇ ಇರುತ್ತದೆ. ಒಬ್ಬನಾದ ಮೇಲೆ ಒಬ್ಬನು ಅದನ್ನು ಮೊಗೆದು ಹೊರಗೆ ಚೆಲ್ಲುತ್ತಲೇ ಇದ್ದ. ಆ ಸದ್ದಿಗೆ ನಿದ್ದೆಯೂ ಬರುತ್ತಿರಲಿಲ್ಲ, ಪೂರ್ತಿ ಎಚ್ಚರವೂ ಇರುತ್ತಿರಲಿಲ್ಲ. ಅನ್ನ, ಮೀನು, ಕೊಬ್ಬರಿ. ಮೀನು ನನಗೆ ಸೇರದು. ಅವ್ವ ಕಳಿಸಿದ್ದ ಗುರೆಳ್ಳು ಪುಡಿಯನ್ನು ಅನ್ನಕ್ಕೆ ಕಲಸಿ ತಿಂದೆ. ದಿನಗಳ ಲೆಕ್ಕ ತಪ್ಪಿತು. ಹೊಟ್ಟೆಯೊಳಗಿನ ಕೂಸು ಒದೆಯುವುದನ್ನೂ ಕಡಿಮೆ ಮಾಡಿತ್ತು. ಅದಕ್ಕೂ ಬಿಸಿಲು ತಾಗಿರಬೇಕೆಂದು ಅಂಜಿದೆ.

ಆಮೇಲೆ ಒಂದು ಬೆಳಗಿನಲ್ಲಿ ದೋಣಿ ಏಳಲು ಇಳಿಯಲು ಶುರುಮಾಡಿತು. ಗಾಳಿ ಇನ್ನೂ ಇರಲಿಲ್ಲ. ಉದ್ದನೆಯ, ನುಣುಪಾದ ತೆರೆಗಳು ತೆಂಕಣ ಪಡುವಣದ ಮೂಲೆಯಿಂದ ಒಂದರ ಹಿಂದೆ ಒಂದು ಬರುತ್ತಿದ್ದವು. ದೋಣಿಯವರು ಗುಂಪುಗೂಡಿ ಮಾತಾಡಿದರು, ದನಿ ಏರಿತು. ಸ್ವಲ್ಪ ಹೊತ್ತಿನ ಮೇಲೆ ಯಜಮಾನ ನನ್ನ ಚಪ್ಪರದ ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕುಳಿತ.

"ಮಗಳೇ, ಒಂದು ಮಾತು ಕೇಳ್ಬೇಕಿತ್ತು."

ನಾನು ಅಭ್ಯಾಸದಂತೆ ಅಣ್ಣನ ಕಡೆ ನೋಡಿದೆ.

"ಅವರನ್ನಲ್ಲ, ನಿಮ್ಮನ್ನು. ಗಾಳಿ ಇಲ್ಲ, ತೆರೆ ಉಂಟು. ಅಂದ್ರೆ ಹಿಂದಿಂದ ಮಳೆಗಾಲದ ಗಾಳಿ ಬರ್ತಾ ಉಂಟು, ಈ ಸಲ ಬೇಗ. ಮುಂದೆ ಹೋದ್ರೆ ಆ ಗಾಳಿಯೇ ನಮ್ಮನ್ನು ತಳ್ಕೊಂಡು ಹೋಗ್ತದೆ, ಮಂಗಳೂರು ಕಾಣ್ತದೆ. ಆದ್ರೆ ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ತೆರೆ ಒಡೀಲಿಕ್ಕೆ ಶುರುವಾಗಿದ್ರೆ ಒಳಗೆ ಹೋಗುದು ಕಷ್ಟ, ಹೊರಗೆ ನಿಲ್ಲುದೂ ಕಷ್ಟ. ಹಿಂದೆ ಹೋದ್ರೆ ದ್ವೀಪ ಇನ್ನೂ ಹತ್ತಿರ. ಆದ್ರೆ ತೆರೆಗೆ ಅಡ್ಡ ಹೋಗ್ಬೇಕು. ಬಡೀತದೆ, ತುಂಬ ಬಡೀತದೆ. ಒಂದು ಹಗಲು, ಒಂದು ರಾತ್ರಿ."

"ನಿಮ್ಮ ಜನ ಏನಂತಾರ್ರೀ?"

"ಮುಂದೆ ಹೋಗುವ ಅಂತಾರೆ. ಕೊಬ್ಬರಿ ಮಾರದೆ ಹಿಂದೆ ಹೋದ್ರೆ ಮಳೆಗಾಲದಲ್ಲಿ ಬೂಷ್ಟು ಹಿಡೀತದೆ."

"ನೀವು ಹಿರಿಯರದೀರಿ. ನಿಮಗ ತಿಳಿದಂಗ ಮಾಡ್ರಿ."

"ನನಗೆ ಎರಡೂ ದಾರಿ ಗೊತ್ತುಂಟು, ಎರಡರಲ್ಲೂ ಹೋಗಿದ್ದೇನೆ. ಹೊಟ್ಟೆಯಲ್ಲಿ ಮಗು ಇರುವುದು ನಿಮಗೆ. ನಮ್ಮಲ್ಲಿ ಇಂಥ ಮಾತನ್ನು ಹೆಂಗಸಿಗೆ ಕೇಳದೆ ಮಾಡುದಿಲ್ಲ. ನೀವು ಹೇಳಿ."

ಮಕ್ಕಳೇ, ಆ ದಿನದವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಅದಕ್ಕೆ ನನಗೆ ಬೇಸರವೂ ಇರಲಿಲ್ಲ. ಶಾಲೆ ಬಿಡಿಸಿದಾಗ ಬಿಟ್ಟೆ, ಸೀರೆ ಉಡು ಅಂದಾಗ ಉಟ್ಟೆ, ಮದುವೆಗೆ ಹೂಂ ಅಂದದ್ದು ಕೂಡ ನನ್ನ ಅಪ್ಪನೇ. ಈಗ ಈ ಪರವೂರಿನ ಮುದುಕ ನನ್ನ ಎದುರು ಕುಳಿತು ಉತ್ತರಕ್ಕೆ ಕಾಯುತ್ತಿದ್ದ. ನನಗೆ ಮೊದಲು ಅನಿಸಿದ್ದು ಸಿಟ್ಟು. ಇಷ್ಟು ದಣಿದಿದ್ದೇನೆ, ಇದೂ ನನ್ನ ತಲೆಗೇ ಬರಬೇಕೇ ಎಂದು.

ಅವ್ವನನ್ನು ನೆನೆದೆ. ಮುಂದೆ ಹೋದರೆ ಅವ್ವ. ಹಿಂದೆ ಹೋದರೆ ನಾಲ್ಕು ತಿಂಗಳು ಅವ್ವನ ಮುಖವಿಲ್ಲ, ಪರರ ಕೈಯಲ್ಲಿ ಹೆರಿಗೆ. ಚೊಚ್ಚಲ ಬಸುರಿಯನ್ನು ತವರಿಗೆ ಒಯ್ಯಲು ಬಂದವನು ಬರಿಗೈಯಲ್ಲಿ ಉಳಿಯುತ್ತಾನೆ. ಅಷ್ಟರಲ್ಲಿ ಅಪ್ಪ ನೆನಪಾದ. ಮಳೆಗಾಲದಲ್ಲಿ ಹಳ್ಳ ಬಂದಾಗ ಅಪ್ಪ ಮಂದೆಯನ್ನು ದಾಟಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಟಗರು, ಮರಿ ಎಲ್ಲವನ್ನೂ ಇಳಿಸುತ್ತಿದ್ದ. ಗಬ್ಬದ ಕುರಿಗಳನ್ನು ಮಾತ್ರ ಬೇರೆ ಮಾಡಿ ಈಚೆ ದಡದಲ್ಲೇ ನಿಲ್ಲಿಸಿಕೊಳ್ಳುತ್ತಿದ್ದ. ಹಟ್ಟಿ ಆಚೆ ಕಾಣುತ್ತಿದ್ದರೂ, ಮಳೆ ಮೇಲೆ ಸುರಿಯುತ್ತಿದ್ದರೂ ಅವುಗಳ ಜೊತೆ ಕಂಬಳಿಯ ಕೊಪ್ಪೆ ಹಾಕಿ ಕುಳಿತುಬಿಡುತ್ತಿದ್ದ. ಯಾಕೆಂದು ನಾವು ಕೇಳುತ್ತಿರಲಿಲ್ಲ. ಎದ್ದು ಕಾಣುವ ಮಾತು ಅದು.

"ಹಿಂದಕ್ಕ ಹೋಗಾಣ್ರಿ," ಅಂದೆ.

ಯಜಮಾನನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು, ಜೋರಾಗಿ. ಆಗ ದೋಣಿಯವರೆಲ್ಲ ತಿರುಗಿ ನೋಡಿದರು.

ಕಂಬಳಿಯೊಳಗಿನಿಂದ ಅಣ್ಣನ ದನಿ ಬಂತು. "ಅವ್ವಗ ಏನಂತ ಹೇಳ್ಲಿ ನಾನು? ಕರಿಯಾಕ ಹೋದವ ಬರಿಗೈಲೆ ಬಂದ ಅಂತಾಳ."

"ನೀ ಮೊದ್ಲು ಜೀವಂತ ಹೋಗು. ಆಮ್ಯಾಲ ಹೇಳೂವಂತಿ," ಅಂದೆ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಬಂತು, ಅದರ ಹಿಂದೆಯೇ ಮಳೆ. ದೋಣಿಯನ್ನು ತಿರುಗಿಸಿದರು. ಆಮೇಲಿನದ್ದು ನನಗೆ ಸಾಲಾಗಿ ನೆನಪಿಲ್ಲ. ಕಂಬದ ಬುಡಕ್ಕೆ ಒಂದು ಹಗ್ಗ, ಆ ಹಗ್ಗದ ಇನ್ನೊಂದು ತುದಿ ನನ್ನ ಎದೆಯ ಸುತ್ತ, ಹೊಟ್ಟೆಗೆ ತಾಗದ ಹಾಗೆ. ಹೊಟ್ಟೆಯ ಸುತ್ತ ಅಣ್ಣನ ಕಂಬಳಿ ಮಡಿಸಿ ಇಟ್ಟಿದ್ದರು. ತೆರೆ ಬಂದು ಮಗ್ಗುಲಿಗೆ ಬಡಿದಾಗ ದೋಣಿಯ ಹೊಲಿಗೆಗಳೆಲ್ಲ ಕಿರುಗುಟ್ಟುತ್ತಿದ್ದವು, ಆದರೆ ಬಿಚ್ಚಲಿಲ್ಲ. ಹಲಗೆ ಹಲಗೆ ಸ್ವಲ್ಪ ಸ್ವಲ್ಪ ಸರಿದು ಮತ್ತೆ ಕೂಡುತ್ತಿತ್ತು. ನೆನೆದ ಹಾಯಿಯಿಂದ ಹಸಿ ಹತ್ತಿಯ ವಾಸನೆ ಬರುತ್ತಿತ್ತು. ಆದೋನಿಯ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಅಕಾಲದ ಮಳೆಗೆ ಸಿಕ್ಕಿದ ಹತ್ತಿಯ ಅದೇ ವಾಸನೆ. ನಾನು ಅದನ್ನೇ ಮೂಸುತ್ತ ಕುಳಿತೆ. ಅಂಜಿಕೆ ಇರಲಿಲ್ಲವೆಂದಲ್ಲ. ಅಂಜುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ಒಂದು ಹೊತ್ತಿನಲ್ಲಿ ಕೂಸು ಬಲವಾಗಿ ಒದೆಯಿತು. ಮಳೆಯ ನೀರಿಗೆ ಬಾಯಿ ಒಡ್ಡಿ ಹೊಟ್ಟೆ ತುಂಬ ಕುಡಿದಿದ್ದೆ, ಅದರಿಂದಿರಬೇಕು. ಆಗ ಅತ್ತುಬಿಟ್ಟೆ. ಯಾರಿಗೂ ಕಾಣಲಿಲ್ಲ, ಎಲ್ಲರ ಮುಖವೂ ಒದ್ದೆಯೇ ಇತ್ತು.

ಬೆಳಗಾದ ಮೇಲೆ ಬಂಡೆಗಳ ಸಾಲು ದಾಟಿ ದ್ವೀಪದ ಒಳನೀರಿಗೆ ಬಂದೆವು. ಯಾರೋ ಕದ ಮುಚ್ಚಿದ ಹಾಗೆ ಎಲ್ಲ ಶಾಂತವಾಯಿತು. ನಿಮ್ಮ ತಾತ ಸೊಂಟದುದ್ದ ನೀರಿನಲ್ಲಿ ನಿಂತಿದ್ದರು.

"ಯಾಕ ತಿರುಗಿಸಿದ್ರಿ?" ಎಂದು ಯಜಮಾನನನ್ನು ಕೇಳಿದರು.

ಆತ ನನ್ನತ್ತ ಕೈ ತೋರಿಸಿದ. ನಿಮ್ಮ ತಾತ ನನ್ನನ್ನು ನೋಡಿದರು. ಏನೋ ಕೇಳಲು ಹೋದವರು ಬಿಟ್ಟು, "ಉಂಡೀಯೇನು?" ಅಂದರು.

ಜ್ಯೇಷ್ಠ ಮಾಸದಲ್ಲಿ, ಮಳೆ ಗರಿಮಾಡಿನ ಮೇಲೆ ಬಡಿಯುತ್ತಿದ್ದಾಗ ನಿಮ್ಮ ಅವ್ವ ಹುಟ್ಟಿದಳು. ಹೆರಿಗೆ ಮಾಡಿಸಿದ್ದು ಆ ಊರಿನ ಒಬ್ಬ ಮುದುಕಿ. ಪಕ್ಕದ ಮನೆಯವಳು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಆಗ ನಾನು ಅವರ ಮಾತನ್ನೇ ಆಡಿದೆನಂತೆ. ದೋಣಿಯ ಹುಡುಗರು ಮಾತ್ರ ಬಹಳ ದಿನ ನಮ್ಮ ಮನೆಯ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಅವರ ಕೊಬ್ಬರಿಗೆ ಬೂಷ್ಟು ಬಂದದ್ದು ನಿಜ. ಅದೇ ಹೊತ್ತಿಗೆ ಪಕ್ಕದ ದ್ವೀಪದಿಂದ ಹೊರಟಿದ್ದ ಇನ್ನೊಂದು ದೋಣಿ ಮಂಗಳೂರನ್ನು ಸುಖವಾಗಿ ಮುಟ್ಟಿತೆಂದು ವೈರ್‌ಲೆಸ್‌ನಲ್ಲಿ ಸುದ್ದಿ ಬಂತು. ನಾವೂ ಮುಟ್ಟುತ್ತಿದ್ದೆವೇನೋ. ಯಜಮಾನನನ್ನು ಒಮ್ಮೆ ಕೇಳಿದೆ. "ಹೋಗದೆ ಹೇಗೆ ಹೇಳುದು, ಮಗಳೇ," ಅಂದ. ಅಣ್ಣ ಇಡೀ ಮಳೆಗಾಲ ಆ ಊರಿನವರ ಆಡುಗಳನ್ನು ಮೇಯಿಸುತ್ತ ಕಳೆದ. ಆಡುಗಳಿಗೆ ಕನ್ನಡ ಕಲಿಸಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದ.

ಮುಂದೆ, ನಾವು ಆದೋನಿಗೆ ಮರಳಿ ಬಾಡಿಗೆ ಮನೆಯಲ್ಲಿದ್ದಾಗ, ನಿಮ್ಮ ತಾತ ತೀರಿಕೊಂಡರು. ಎರಡೂ ಮನೆಯ ಹಿರಿಯರು ಪಡಸಾಲೆಯಲ್ಲಿ ಕುಳಿತು, ನಾನು ಎಲ್ಲಿರಬೇಕು, ಮಗಳನ್ನು ಎಲ್ಲಿ ಓದಿಸಬೇಕು ಎಂದು ಮಾತಾಡಿದರು. ಯಾರೂ ನನ್ನನ್ನು ಕೇಳಲಿಲ್ಲ. ನಾನು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು, "ನಾ ಆದೋನ್ಯಾಗಽ ಇರ್ತೀನಿ. ಆಕಿ ಇಲ್ಲೇ ಓದ್ತಾಳ," ಅಂದೆ. ಒಂದೇ ಸಲಕ್ಕೆ ಎಲ್ಲರಿಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದೆ. ಅದೇ ಊರು, ಅದೇ ಬಾಡಿಗೆ ಮನೆ, ನಿಮ್ಮ ಅವ್ವ ಓದಿ ಟೀಚರಾದದ್ದು, ಈಗ ನೀವು ನನ್ನ ಸುತ್ತ ಇರುವುದು, ಎಲ್ಲ ಅದರಿಂದ.

ನನ್ನ ಅವ್ವನ ವಿಷಯ ಹೇಳಿ ಮುಗಿಸುತ್ತೇನೆ.

ನಾವು ಹೊರಟಿದ್ದೇವೆಂಬ ತಂತಿ ಅವಳಿಗೆ ತಲುಪಿತ್ತು. ಅದಾಗಿ ಎಷ್ಟೋ ದಿನಕ್ಕೆ ಇನ್ನೊಂದು ತಂತಿ: ತಿರುಗಿ ಬಂದಿದ್ದಾರೆ, ಕ್ಷೇಮ. ಪೋಸ್ಟಿನವನು ತೆಲುಗಿನಲ್ಲಿ ಓದಿ ಹೇಳಿದ. ನಮ್ಮ ಹಳ್ಳಿಯಲ್ಲಿ ತಂತಿ ಬರುವುದು ಸತ್ತಾಗ ಮಾತ್ರ. ಎರಡು ಬಂದಿವೆ, ಇಬ್ಬರು ಮಕ್ಕಳೂ ಹೋಗಿದ್ದಾರೆ ಎಂದು ಅವ್ವ ತಿಳಿದಳು. ಹೆಣ್ಣು ಕೂಸು ಹುಟ್ಟಿದೆ ಎಂಬ ಮೂರನೆಯ ತಂತಿ ಬಂದಾಗ, "ಸುಳ್ಳು ಹೇಳಾಕ ನಿಮಗ ಬ್ಯಾಸರಾಗಂಗಿಲ್ಲೇನು?" ಅಂದಳಂತೆ. ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಮಳೆಗಾಲವೆಲ್ಲ ತಲೆಗೆ ಎಣ್ಣೆ ಹಚ್ಚಲಿಲ್ಲ, ಯಾರ ಮನೆಯ ಶುಭಕ್ಕೂ ಹೋಗಲಿಲ್ಲ. ಆದರೆ ನನಗೆಂದು ಸಾರಿಸಿದ್ದ ಕೋಣೆಯಲ್ಲಿ ಯಾರಿಗೂ ಒಂದು ಚೀಲ ಜೋಳ ಇಡಲೂ ಬಿಡಲಿಲ್ಲ.

ಮಳೆ ನಿಂತು ಹಡಗು ಶುರುವಾದ ಮೇಲೆ, ನಿಮ್ಮ ತಾತ ರಜೆ ಸಿಗದೆ ಅಲ್ಲೇ ಉಳಿದರು, ನಾನು ಅಣ್ಣನ ಜೊತೆ ಹೊರಟೆ. ಈ ಸಲ ಅವನು ಹಡಗಿನ ಕಂಬಿ ಹಿಡಿದು ನಿಂತೇ ಬಂದ. ಆದೋನಿಯಲ್ಲಿ ಗಾಡಿ ಇಳಿದು, ಕೌತಾಳಂ ಬಸ್ಸು ಹತ್ತಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಊರು ಮುಟ್ಟಿದಾಗ ಮಧ್ಯಾಹ್ನ. ಹತ್ತಿ ಕಾಯಿ ಬಿಟ್ಟಿತ್ತು. ಅವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ತಲೆ ಎತ್ತಿ ನಮ್ಮನ್ನು ನೋಡಿದಳು. ಮೊರ ಕೆಳಗಿಟ್ಟು ಬಂದು ಅಣ್ಣನ ಕೆನ್ನೆ ಮುಟ್ಟಿದಳು, ನನ್ನ ಕೈ ಮುಟ್ಟಿದಳು, ಕೂಸಿನ ಪಾದ ಮುಟ್ಟಿದಳು. ಕೂಸು ಕಾಲು ಜಾಡಿಸಿತು.

"ಬಂದ್ಯಾ?" ಅಂದಳು.

"ಬಂದೆ, ಯವ್ವಾ."

ಅಳಲಿಲ್ಲ, ಬಯ್ಯಲಿಲ್ಲ. ಕೂಸನ್ನು ಎತ್ತಿಕೊಂಡು ಒಳಗೆ ನಡೆದಳು. ಹಿಂದೆ ಹೋಗಿ ನೋಡಿದರೆ ಅದೇ ಕೋಣೆಯಲ್ಲಿ ಹೊರಸಿನ ಮೇಲೆ ಕೌದಿ ಹಾಸುತ್ತಿದ್ದಳು. ಕಿಟಕಿಗೆ ಗೋಣಿತಾಟು ಕಟ್ಟಿದಳು. ಅಗ್ಗಿಷ್ಟಿಕೆಗೆ ಕುಳ್ಳು ಹಾಕಿ, ಮೇಲೆ ಲೋಬಾನ, ಅಜವಾನ ಉದುರಿಸಿದಳು. ಹಳೆಯ ಸೀರೆಯೊಂದನ್ನು ಉದ್ದಕ್ಕೆ ಹರಿದು ನನ್ನ ಹೊಟ್ಟೆ ಕಟ್ಟಲು ಸಿದ್ಧಮಾಡಿಟ್ಟಳು.

"ಮಕ್ಕೋ," ಎಂದು ಹೊರಸು ತೋರಿಸಿದಳು.

"ಯವ್ವಾ, ಇದೆಲ್ಲ ಯಾಕೀಗ? ಅಲ್ಲೇ ಎಲ್ಲ ಮಾಡಿದ್ರು. ಕೂಸು ಬೋರಲು ಬೀಳಾಕತ್ತೈತಿ. ನಾಕು ತಿಂಗಳಾತು."

"ನಿನಗ ನಾಕು ತಿಂಗಳಾಗಿರಬೇಕು. ನನಗ ಇವತ್ತ ಹುಟ್ಟೈತಿ. ಮಕ್ಕೋ."

ಪಕ್ಕದ ಮನೆಯ ದೊಡ್ಡವ್ವ ಬಾಗಿಲಲ್ಲಿ ನಿಂತು, "ಇದ್ಯಾವ ಬಾಣಂತ್ಯೇ? ಕೂಸು ಅಜ್ಜಿ ಮೂಗುಬಟ್ಟು ಕೀಳಾಕತ್ತೈತಿ," ಎಂದು ನಕ್ಕಳು. ಅವ್ವ ಅವಳ ಮುಖಕ್ಕೇ ಬಾಗಿಲು ಮುಂದೆ ಮಾಡಿದಳು. ನನ್ನ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಸುತ್ತಿ, ಮೊದಲ ದಿನದ ಬಾಣಂತಿಗೆ ಕೊಡುವ ಹಾಗೆ ಬೆಳ್ಳುಳ್ಳಿ ಹಾಕಿದ ಬಿಸಿ ಅನ್ನ ತಿನ್ನಿಸಿದಳು. ಆಮೇಲೆ ಒಂದೂ ಬಿಡದೆ ಎಲ್ಲ ಮಾಡಿದಳು. ಐದನೆಯ ದಿನದ ಪೂಜೆ, ತೊಟ್ಟಿಲು, ಅಂಟಿನುಂಡಿ, ದಿನಾ ಎಣ್ಣೆ, ಕುದಿಯುವ ನೀರು. ನಿಮ್ಮ ತಾತ, ಯಾವಾಗ ಬರುತ್ತೀ ಎಂದು ಕಾಗದ ಬರೆದರೆ, "ಬಾಣಂತನ ಮುಗೀಲಿ ಅಂತ ಬರಿ," ಅಂದಳು. "ಆ ಇನ್ನೊಂದು ದೋಣಿ ಮುಟ್ಟಿತಂತಲ್ಲ," ಎಂದು ಆಗಾಗ ಚುಚ್ಚಿದಳು ಕೂಡ, ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಲೇ.

ಆ ಮೊದಲ ಮಧ್ಯಾಹ್ನ ಹೊರಸಿನ ಮೇಲೆ ಮೈ ಚಾಚಿದೆ. ಹೊಗೆಗೆ ಕಣ್ಣು ಉರಿಯುತ್ತಿತ್ತು. ಗೋಡೆಯಾಚೆ ಅಣ್ಣ ಯಾರಿಗೋ ತೆರೆಗಳ ಎತ್ತರ ಹೇಳುತ್ತಿದ್ದ, ಹೇಳುತ್ತ ಹೇಳುತ್ತ ಅವು ಏರುತ್ತಿದ್ದವು. ಅವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನನ್ನ ಪಕ್ಕದಲ್ಲೇ ಕುಳಿತಿದ್ದಳು. ಮತ್ತೆ ಎಚ್ಚರವಾದದ್ದು ಮರುದಿನ ಬಿಸಿಲೇರಿದ ಮೇಲೆ.